ವಾಲ್ಟ್‌ನೊಳಗಿನ ಒಂದೇ ಒಂದು ಫೋಲ್ಡರ್ ಹೊರತೆಗೆಯಬೇಕಾದಾಗ

ಪ್ರಶ್ನೆ: ಮೂರು ವರ್ಷಗಳ ಹಿಂದೆ ನಮ್ಮ ಜಮೀನಿನ ಪಹಣಿ, ಕ್ರಯಪತ್ರಗಳ ಸ್ಕ್ಯಾನ್ ಪ್ರತಿಗಳನ್ನೂ ತಂದೆಯವರ ಚಿಕಿತ್ಸೆಯ ಕಾಗದಪತ್ರಗಳನ್ನೂ ಕ್ರಿಪ್ಟೋಮೇಟರ್ ವಾಲ್ಟ್ (ಪಾಸ್‌ವರ್ಡ್ ಇಲ್ಲದೆ ತೆರೆಯದ, ಗೂಢಲಿಪಿಯಲ್ಲಿರುವ ಫೋಲ್ಡರ್) ಒಂದರಲ್ಲಿ ಇಟ್ಟು, ಆ ವಾಲ್ಟ್ ಅನ್ನು ಗೂಗಲ್ ಡ್ರೈವ್‌ಗೆ ಹಾಕಿದ್ದೆ. ಹಳೆಯ ಲ್ಯಾಪ್‌ಟಾಪ್ ಕೆಟ್ಟುಹೋಯಿತು. ಹೊಸದರಲ್ಲಿ ಬ್ರೌಸರ್ ಮೂಲಕ ಡ್ರೈವ್ ತೆರೆದರೆ ‘ಡಿ’ ಎಂಬ ಫೋಲ್ಡರ್, ಅದರೊಳಗೆ ಅರ್ಥವಿಲ್ಲದ ಹೆಸರಿನ ನೂರಾರು ಫೋಲ್ಡರ್‌ಗಳು ಕಾಣುತ್ತವೆಯೇ ಹೊರತು ನಾನು ಮಾಡಿದ್ದ ‘ಜಮೀನು’ ಎಂಬ ಫೋಲ್ಡರ್ ಎಲ್ಲಿಯೂ ಇಲ್ಲ. ನನಗೆ ಬೇಕಾಗಿರುವುದು ಅದೊಂದೇ. ಪಾಸ್‌ವರ್ಡ್ ನೆನಪಿದೆ. ಆ ಫೋಲ್ಡರ್ ಅನ್ನು ಮಾತ್ರ ಡಿಕ್ರಿಪ್ಟ್ ಮಾಡುವುದು, ಅಂದರೆ ಗೂಢಲಿಪಿಯಿಂದ ಬಿಡಿಸಿ ಓದುವಂತೆ ಮಾಡುವುದು ಹೇಗೆ? ಪರಿಚಯದವರೊಬ್ಬರು ಒಳಗಿರುವ ಪುಟ್ಟ ಪುಟ್ಟ ಫೈಲುಗಳು ಕಸ, ಅಳಿಸಿಬಿಡಿ ಎಂದರು. ಅಳಿಸಬಹುದೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ದಯವಿಟ್ಟು ಏನನ್ನೂ ಅಳಿಸಬೇಡಿ, ಯಾವುದರ ಹೆಸರನ್ನೂ ಬದಲಿಸಬೇಡಿ, ಒಂದು ಫೋಲ್ಡರ್‌ನಿಂದ ಇನ್ನೊಂದಕ್ಕೆ ಯಾವ ಫೈಲನ್ನೂ ಸರಿಸಬೇಡಿ. ಈಗಾಗಲೇ ಕೆಲವನ್ನು ಅಳಿಸಿದ್ದರೆ ಗೂಗಲ್ ಡ್ರೈವ್‌ನ ಕಸದ ಬುಟ್ಟಿಯಲ್ಲಿ ಅವು 30 ದಿನ ಉಳಿದಿರುತ್ತವೆ, ಇಂದೇ ಮರಳಿ ತಂದುಕೊಳ್ಳಿ. ನಿಮ್ಮ ಪರಿಚಯದವರು ಕಸವೆಂದು ಕರೆದ ಆ ಪುಟ್ಟ ಫೈಲುಗಳೇ ನಿಮ್ಮ ಫೋಲ್ಡರ್‌ಗಳ ವಿಳಾಸಪಟ್ಟಿ. ಅದು ಹೇಗೆಂಬುದು ತಿಳಿದರೆ ‘ಜಮೀನು’ ಏಕೆ ಕಾಣುತ್ತಿಲ್ಲ, ಅದನ್ನು ಹೊರತೆಗೆಯುವ ದಾರಿ ಯಾವುದು ಎಂಬ ಎರಡೂ ಪ್ರಶ್ನೆಗಳಿಗೆ ಉತ್ತರ ಸಿಗುತ್ತದೆ.

ಕ್ರಿಪ್ಟೋಮೇಟರ್ ಜರ್ಮನಿಯ ಸ್ಕೈಮ್ಯಾಟಿಕ್ ಸಂಸ್ಥೆ ರೂಪಿಸಿದ, ಮೂಲ ಕೋಡ್ ಎಲ್ಲರಿಗೂ ತೆರೆದಿರುವ ತಂತ್ರಾಂಶ. ಒಂದು ದೊಡ್ಡ ಪೆಟ್ಟಿಗೆಯಂತಹ ಒಂದೇ ಫೈಲಿನೊಳಗೆ ಎಲ್ಲವನ್ನೂ ತುಂಬಿಡುವ ವೆರಾಕ್ರಿಪ್ಟ್‌ನಂತಹ ತಂತ್ರಾಂಶಗಳಿಗಿಂತ ಇದರ ರೀತಿ ಬೇರೆ. ಇದು ಪ್ರತಿಯೊಂದು ಫೈಲನ್ನೂ ಬಿಡಿಬಿಡಿಯಾಗಿ ಗೂಢಲಿಪಿಗೆ ಬದಲಿಸುತ್ತದೆ. ಹೀಗಿರುವುದರಿಂದಲೇ ನೀವು ಒಂದು ಪುಟವನ್ನು ತಿದ್ದಿದರೆ ಇಡೀ ವಾಲ್ಟ್ ಮತ್ತೆ ಅಪ್‌ಲೋಡ್ ಆಗದೆ ಆ ಒಂದು ಫೈಲು ಮಾತ್ರ ಆಗುತ್ತದೆ, ಕ್ಲೌಡ್‌ಗೆ ಇದು ಒಗ್ಗುವುದಕ್ಕೆ ಕಾರಣವೂ ಇದೇ. ಆದರೆ ಫೈಲಿನ ಒಳಗಿರುವುದನ್ನು ಮಾತ್ರ ಮುಚ್ಚಿ, ಫೋಲ್ಡರ್‌ಗಳ ಜೋಡಣೆಯನ್ನು ಇದ್ದಂತೆಯೇ ಬಿಟ್ಟರೆ, ಯಾವ ಫೋಲ್ಡರ್‌ನಲ್ಲಿ ಎಷ್ಟು ಉಪಫೋಲ್ಡರ್‌ಗಳಿವೆ ಎಂಬುದನ್ನು ನೋಡಿಯೇ ಹೊರಗಿನವರು ಬಹಳಷ್ಟನ್ನು ಊಹಿಸಬಹುದು. ಆದ್ದರಿಂದ ಈ ತಂತ್ರಾಂಶ ಫೋಲ್ಡರ್‌ಗಳ ಮರವನ್ನೇ ಕಡಿದು, ಎಲ್ಲ ಕೊಂಬೆಗಳನ್ನೂ ಒಂದೇ ಮಟ್ಟದಲ್ಲಿ ಹರಡಿಬಿಡುತ್ತದೆ.

ನೀವು ‘ಜಮೀನು’ ಎಂಬ ಫೋಲ್ಡರ್ ಮಾಡಿದಾಗ ನಡೆದದ್ದು ಇಷ್ಟು. ತಂತ್ರಾಂಶವು ಆ ಫೋಲ್ಡರ್‌ಗೆ 36 ಅಕ್ಷರಗಳ ಒಂದು ಗುರುತಿನ ಸಂಖ್ಯೆಯನ್ನು ಯಾದೃಚ್ಛಿಕವಾಗಿ ಕೊಟ್ಟಿತು. ಹೆಸರನ್ನು ಗೂಢಲಿಪಿಗೆ ಬದಲಿಸಿ, ಕೊನೆಯಲ್ಲಿ ‘ಡಾಟ್ ಸಿ9ಆರ್’ ಎಂಬ ಬಾಲ ಸೇರಿಸಿ, ಅದೇ ಹೆಸರಿನ ಒಂದು ಕೋಶವನ್ನು ಮೇಲಿನ ಫೋಲ್ಡರ್‌ನ ಜಾಗದಲ್ಲಿಟ್ಟಿತು. ಆ ಕೋಶದೊಳಗೆ ಇರುವುದು ‘ಡಿಐಆರ್ ಡಾಟ್ ಸಿ9ಆರ್’ ಎಂಬ ಒಂದೇ ಫೈಲು, ಅದರ ಗಾತ್ರ 36 ಬೈಟ್, ಅದರೊಳಗಿರುವುದು ಆ ಗುರುತಿನ ಸಂಖ್ಯೆ. ನಿಮ್ಮ ಪಹಣಿ, ಕ್ರಯಪತ್ರಗಳು ಅಲ್ಲಿಲ್ಲ. ಆ ಗುರುತಿನ ಸಂಖ್ಯೆಯನ್ನು ವಾಲ್ಟ್‌ನ ಕೀಲಿಯಿಂದ ಮತ್ತೆ ಲೆಕ್ಕ ಹಾಕಿದಾಗ 32 ಅಕ್ಷರಗಳ ಒಂದು ಉತ್ತರ ಬರುತ್ತದೆ. ಅದರ ಮೊದಲ ಎರಡು ಅಕ್ಷರಗಳು ‘ಡಿ’ಯೊಳಗಿನ ಒಂದು ಫೋಲ್ಡರ್‌ನ ಹೆಸರು, ಉಳಿದ 30 ಅಕ್ಷರಗಳು ಅದರ ಒಳಗಿನ ಫೋಲ್ಡರ್‌ನ ಹೆಸರು. ನಿಮ್ಮ ಕಾಗದಪತ್ರಗಳು ಅಲ್ಲಿವೆ. ಹೀಗೆ ಹೆಸರು ಒಂದು ಕಡೆ, ಒಡಲು ಇನ್ನೊಂದು ಕಡೆ, ಎರಡನ್ನೂ ಬೆಸೆಯುವುದು ಆ 36 ಬೈಟ್‌ನ ಫೈಲು ಮತ್ತು ವಾಲ್ಟ್‌ನ ಕೀಲಿ.

ಆದ್ದರಿಂದ ಬ್ರೌಸರ್‌ನಲ್ಲಿ ಕಣ್ಣಾಡಿಸಿ ‘ಇದೇ ಜಮೀನು ಫೋಲ್ಡರ್ ಇರಬೇಕು’ ಎಂದು ಒಂದನ್ನು ಆಯ್ದು ಇಳಿಸಿಕೊಳ್ಳುವುದು ಆಗದ ಮಾತು. ಹಾಗೊಂದು ವೇಳೆ ಸರಿಯಾದದ್ದೇ ಕೈಗೆ ಸಿಕ್ಕರೂ ಅದೊಂದನ್ನೇ ತೆರೆಯಲು ತಂತ್ರಾಂಶ ಒಪ್ಪುವುದಿಲ್ಲ, ಏಕೆಂದರೆ ಅದು ಕೇಳುವುದು ಇಡೀ ವಾಲ್ಟ್ ಅನ್ನು. ನೀವು ಹುಡುಕುತ್ತಿರುವ ‘ಡಿಕ್ರಿಪ್ಟ್’ ಗುಂಡಿಯೂ ಅದರಲ್ಲಿಲ್ಲ. ಈ ವ್ಯವಸ್ಥೆಯಲ್ಲಿ ಡಿಕ್ರಿಪ್ಟ್ ಮಾಡುವುದೆಂದರೆ ವಾಲ್ಟ್ ಅನ್ನು ಪಾಸ್‌ವರ್ಡ್ ಕೊಟ್ಟು ತೆರೆಯುವುದು, ಆಗ ಕಂಪ್ಯೂಟರ್‌ನಲ್ಲಿ ಪೆನ್‌ಡ್ರೈವ್ ಚುಚ್ಚಿದಂತೆ ಕಾಣಿಸಿಕೊಳ್ಳುವ ಹೊಸ ಡ್ರೈವ್‌ನಿಂದ ಬೇಕಾದ ಫೋಲ್ಡರ್ ಅನ್ನು ವಾಲ್ಟ್‌ನ ಹೊರಗೆ ನಕಲು ಮಾಡಿಕೊಳ್ಳುವುದು, ಅಷ್ಟೇ. ಆ ಡ್ರೈವ್‌ನಲ್ಲಿ ನಿಮ್ಮ ‘ಜಮೀನು’ ಅದೇ ಹೆಸರಿನಲ್ಲಿ, ಅದೇ ಜಾಗದಲ್ಲಿ ಇರುತ್ತದೆ.

ಇನ್ನು ಕೆಲಸಕ್ಕೆ ಬರೋಣ. ಬ್ರೌಸರ್‌ನಲ್ಲಿ ವಾಲ್ಟ್‌ನ ಮೇಲಿನ ಹಂತದಲ್ಲಿ ‘ಡಿ’ ಫೋಲ್ಡರ್‌ನ ಪಕ್ಕದಲ್ಲಿಯೇ ‘ಮಾಸ್ಟರ್‌ಕೀ ಡಾಟ್ ಕ್ರಿಪ್ಟೋಮೇಟರ್’ ಮತ್ತು ‘ವಾಲ್ಟ್ ಡಾಟ್ ಕ್ರಿಪ್ಟೋಮೇಟರ್’ ಎಂಬ ಎರಡು ಫೈಲುಗಳು ಇವೆಯೇ ಎಂಬುದನ್ನು ಮೊದಲು ನೋಡಿ. ನಿಮ್ಮ ಪತ್ರದಲ್ಲಿ ಅವುಗಳ ಪ್ರಸ್ತಾಪ ಇಲ್ಲದಿರುವುದರಿಂದ ಕೇಳುತ್ತಿದ್ದೇನೆ. ನಿಮ್ಮ ಪಾಸ್‌ವರ್ಡ್ ನೇರವಾಗಿ ಫೈಲುಗಳನ್ನು ತೆರೆಯುವುದಿಲ್ಲ. ಫೈಲುಗಳನ್ನು ತೆರೆಯುವುದು 256 ಬಿಟ್‌ನ ಎರಡು ಕೀಲಿಗಳು, ಆ ಕೀಲಿಗಳು ಮಾಸ್ಟರ್‌ಕೀ ಫೈಲಿನಲ್ಲಿ ಬೀಗ ಹಾಕಿಕೊಂಡು ಕುಳಿತಿವೆ, ಆ ಬೀಗವನ್ನು ತೆಗೆಯುವುದು ಮಾತ್ರ ನಿಮ್ಮ ಪಾಸ್‌ವರ್ಡ್. ಒಂದು ಕಿಲೋಬೈಟ್ ಕೂಡ ಇಲ್ಲದ ಆ ಫೈಲು ಹೋದರೆ, ಪಾಸ್‌ವರ್ಡ್ ಎಷ್ಟೇ ಸರಿಯಾಗಿ ನೆನಪಿದ್ದರೂ ಪ್ರಯೋಜನವಿಲ್ಲ. ಅದು ಕಾಣದಿದ್ದರೆ ಅದೇ ಹೆಸರಿನಿಂದ ಆರಂಭವಾಗಿ ‘ಬಿಕೆಯುಪಿ’ ಎಂದು ಕೊನೆಗೊಳ್ಳುವ ಫೈಲು ಇದೆಯೇ ಹುಡುಕಿ, ಅದು ತಂತ್ರಾಂಶವೇ ಮಾಡಿಟ್ಟುಕೊಂಡ ಪ್ರತಿ. ಅದರ ನಕಲೊಂದನ್ನು ಮಾಡಿ ಹೆಸರಿನ ಬಾಲವನ್ನು ತೆಗೆದರೆ ಮಾಸ್ಟರ್‌ಕೀ ಫೈಲಿನ ಜಾಗದಲ್ಲಿ ಅದನ್ನು ಬಳಸಬಹುದು. (ಹೆಸರು ಬದಲಿಸಬೇಡಿ ಎಂದು ಮೇಲೆ ಹೇಳಿದ್ದಕ್ಕೆ ಇದೊಂದೇ ಅಪವಾದ.) ವಾಲ್ಟ್ ಎಂಬ ಹೆಸರಿನ ಫೈಲು ಬಂದದ್ದು 2021ರ 1.6ನೇ ಆವೃತ್ತಿಯಿಂದ ಈಚೆಗೆ. ಅದಕ್ಕಿಂತ ಹಳೆಯ ವಾಲ್ಟ್‌ಗಳಲ್ಲಿ ಅದು ಇರುವುದಿಲ್ಲ, ಅಂತಹವನ್ನು ಹೊಸ ಆವೃತ್ತಿಯಲ್ಲಿ ತೆರೆಯ ಹೊರಟರೆ ಹೊಸ ರೂಪಕ್ಕೆ ಬದಲಿಸಲೇ ಎಂದು ಕೇಳುತ್ತದೆ, ಮೊದಲು ಒಂದು ಪ್ರತಿ ತೆಗೆದಿಟ್ಟುಕೊಂಡು ಒಪ್ಪಿಗೆ ಕೊಡಿ.

ಇಡೀ ವಾಲ್ಟ್ ಅನ್ನು ಹೊಸ ಲ್ಯಾಪ್‌ಟಾಪ್‌ಗೆ ತರುವುದರಲ್ಲಿಯೇ ಬಹಳ ಜನ ಎಡವುವುದನ್ನು ಕಂಡಿದ್ದೇನೆ. ಬ್ರೌಸರ್‌ನಲ್ಲಿ ಫೋಲ್ಡರ್ ಆಯ್ದು ‘ಡೌನ್‌ಲೋಡ್’ ಒತ್ತಿದರೆ ಗೂಗಲ್ ಡ್ರೈವ್ ಅದನ್ನು ಜಿಪ್ ಮಾಡಿ ಕೊಡುತ್ತದೆ, ದೊಡ್ಡದಾಗಿದ್ದರೆ ಹಲವು ಜಿಪ್‌ಗಳಾಗಿ ಒಡೆದು ಕೊಡುತ್ತದೆ. ಅವುಗಳಲ್ಲಿ ಒಂದು ಇಳಿಯದೆ ಉಳಿದರೂ ವಾಲ್ಟ್ ಮೇಲ್ನೋಟಕ್ಕೆ ಸರಿಯಾಗಿಯೇ ಕಾಣುತ್ತದೆ, ತೆರೆಯುತ್ತದೆ ಕೂಡ, ಒಳಗೆ ಹೋದಾಗ ಕೆಲವು ಫೋಲ್ಡರ್‌ಗಳು ಬರಿದಾಗಿರುತ್ತವೆ. ಜೊತೆಗೆ ವಿಂಡೋಸ್‌ನ ಇನ್ನೊಂದು ತೊಡಕಿದೆ. ವಾಲ್ಟ್‌ನೊಳಗಿನ ಹೆಸರುಗಳು ಬಹಳ ಉದ್ದ, ವಿಂಡೋಸ್‌ನಲ್ಲಿ ಫೈಲಿನ ಪೂರ್ಣ ವಿಳಾಸಕ್ಕೆ ಬಹುಕಾಲದಿಂದ ಇರುವ ಮಿತಿ 260 ಅಕ್ಷರ. ‘ಡೌನ್‌ಲೋಡ್ಸ್’ ಫೋಲ್ಡರ್‌ನ ಒಳಗೆ ಜಿಪ್ ಬಿಚ್ಚಿದರೆ ಆ ಮಿತಿ ಸುಲಭವಾಗಿ ಮೀರುತ್ತದೆ, ಆಗ ಕೆಲವು ಫೈಲುಗಳು ಹೊರಬರುವುದೇ ಇಲ್ಲ.

ಆದ್ದರಿಂದ ಜಿಪ್‌ನ ದಾರಿಯನ್ನೇ ಬಿಡಿ ಎನ್ನುವುದು ನನ್ನ ಸಲಹೆ. ಗೂಗಲ್ ಡ್ರೈವ್‌ನ ಡೆಸ್ಕ್‌ಟಾಪ್ ತಂತ್ರಾಂಶವನ್ನು ಹೊಸ ಲ್ಯಾಪ್‌ಟಾಪ್‌ನಲ್ಲಿ ಹಾಕಿಕೊಂಡು ಅದೇ ಖಾತೆಯಿಂದ ಪ್ರವೇಶಿಸಿ. ಅದರಲ್ಲಿ ಎರಡು ಬಗೆಗಳಿವೆ: ಫೈಲುಗಳ ಹೆಸರನ್ನು ಮಾತ್ರ ತೋರಿಸಿ, ಮುಟ್ಟಿದಾಗ ಇಳಿಸಿಕೊಳ್ಳುವ ‘ಸ್ಟ್ರೀಮ್’, ಮತ್ತು ಎಲ್ಲವನ್ನೂ ಡಿಸ್ಕ್‌ನಲ್ಲಿಯೇ ಇಟ್ಟುಕೊಳ್ಳುವ ‘ಮಿರರ್’. ನಿಮಗೆ ಒಂದು ಫೋಲ್ಡರ್ ಮಾತ್ರ ಬೇಕಿರುವುದರಿಂದ ಸ್ಟ್ರೀಮ್ ಸಾಕೆಂದು ತೋರಬಹುದು, ತತ್ತ್ವಶಃ ಅದು ಸರಿಯೂ ಹೌದು. ಆದರೂ ಡಿಸ್ಕ್‌ನಲ್ಲಿ ಜಾಗವಿದ್ದರೆ ವಾಲ್ಟ್‌ನ ಫೋಲ್ಡರ್ ಮೇಲೆ ಬಲ ಕ್ಲಿಕ್ ಮಾಡಿ ಆಫ್‌ಲೈನ್‌ನಲ್ಲಿಯೂ ಲಭ್ಯವಿರುವಂತೆ ಆರಿಸಿ, ಎಲ್ಲವೂ ಇಳಿಯುವವರೆಗೆ ಕಾಯಿರಿ. ನಕಲು ಮಾಡುತ್ತಿರುವಾಗ ನಡುವೆ ಇಂಟರ್ನೆಟ್ ಹೋದರೆ ತೋರುವ ದೋಷಸಂದೇಶಕ್ಕೂ ಫೈಲು ನಿಜವಾಗಿಯೇ ಕೆಟ್ಟಿದ್ದರೆ ತೋರುವ ದೋಷಸಂದೇಶಕ್ಕೂ ವ್ಯತ್ಯಾಸ ತಿಳಿಯುವುದು ಕಷ್ಟ, ಆ ಗೊಂದಲ ನಿಮಗೆ ಬೇಡ. ಅನಿವಾರ್ಯವಾಗಿ ಜಿಪ್ ಬಳಸಲೇಬೇಕಾದರೆ, ಎಲ್ಲ ಭಾಗಗಳನ್ನೂ ಒಂದೇ ಜಾಗಕ್ಕೆ ಬಿಚ್ಚಿ, ಆ ಜಾಗ ಸಿ ಡ್ರೈವ್‌ನ ಬುಡದಲ್ಲಿಯೇ ಒಂದಕ್ಷರದ ಫೋಲ್ಡರ್ ಆಗಿರಲಿ, ಬಿಚ್ಚಲು ಉದ್ದ ವಿಳಾಸಗಳನ್ನು ಸಹಿಸುವ 7-ಜಿಪ್ ಬಳಸಿ.

ಬಂದಿರುವುದು ಪೂರ್ತಿಯಾಗಿದೆಯೇ ಎಂದು ನೋಡಲು ಒಂದು ಸರಳ ಪರೀಕ್ಷೆ ಇದೆ. ಈಗಿನ ರೂಪದ ವಾಲ್ಟ್‌ಗಳಲ್ಲಿ ಪ್ರತಿಯೊಂದು ಗೂಢಲಿಪಿ ಫೈಲಿನ ಆರಂಭದಲ್ಲಿ 68 ಬೈಟ್‌ನ ತಲೆಬರಹ ಇರುತ್ತದೆ, ಅದರ ನಂತರ ಮೂಲ ಫೈಲು 32 ಕಿಲೋಬೈಟ್‌ನ ತುಂಡುಗಳಾಗಿ, ಪ್ರತಿ ತುಂಡಿಗೂ 28 ಬೈಟ್ ಹೆಚ್ಚುವರಿಯಾಗಿ ಸೇರಿ ಕುಳಿತಿರುತ್ತದೆ. ಅಂದರೆ ‘ಡಿ’ಯೊಳಗೆ 68 ಬೈಟ್‌ಗಿಂತ ಚಿಕ್ಕದಾದ ಸಿ9ಆರ್ ಫೈಲು ಕಂಡರೆ, ಅದು ಮೇಲೆ ಹೇಳಿದ 36 ಬೈಟ್‌ನ ವಿಳಾಸದ ಫೈಲಾಗಿರಬೇಕು, ಇಲ್ಲವೇ ಅರ್ಧಕ್ಕೆ ನಿಂತ ಫೈಲಾಗಿರಬೇಕು. ಗಾತ್ರದ ಪ್ರಕಾರ ಜೋಡಿಸಿ ನೋಡಿ. ಸೊನ್ನೆ ಬೈಟ್‌ನ ಫೈಲುಗಳು ಕಂಡರೆ ಸರಿಯಾಗಿ ಇಳಿದಿಲ್ಲವೆಂದೇ ತಿಳಿಯಿರಿ.

ಇಷ್ಟಾದ ಮೇಲೆ ಕ್ರಿಪ್ಟೋಮೇಟರ್ ಅನ್ನು ಅದರ ಅಧಿಕೃತ ತಾಣದಿಂದಲೇ ಇಳಿಸಿ ಹಾಕಿಕೊಳ್ಳಿ. ವಿಂಡೋಸ್‌ನಲ್ಲಿ ಅದರೊಡನೆ ವಿನ್‌ಎಫ್‌ಎಸ್‌ಪಿ ಎಂಬ ಸಣ್ಣ ಸಹಾಯಕ ತಂತ್ರಾಂಶವೂ ಬರುತ್ತದೆ, ಅದನ್ನು ಬೇಡವೆನ್ನಬೇಡಿ. ಅದಿಲ್ಲದಿದ್ದರೆ ವೆಬ್‌ಡ್ಯಾವ್ ಎಂಬ ಹಳೆಯ ದಾರಿಯನ್ನು ಹಿಡಿಯಬೇಕಾಗುತ್ತದೆ, ವಿಂಡೋಸ್‌ನಲ್ಲಿ ಆ ದಾರಿಯಿಂದ 4 ಗಿಗಾಬೈಟ್‌ಗಿಂತ ದೊಡ್ಡ ಫೈಲು ಹೊರಬರುವುದಿಲ್ಲ. ‘ಇರುವ ವಾಲ್ಟ್ ಅನ್ನು ಸೇರಿಸು’ ಎಂಬ ಅರ್ಥದ ಆಯ್ಕೆಯನ್ನು ಒತ್ತಿ, ವಾಲ್ಟ್ ಡಾಟ್ ಕ್ರಿಪ್ಟೋಮೇಟರ್ ಫೈಲನ್ನು ತೋರಿಸಿ, ಪಾಸ್‌ವರ್ಡ್ ಕೊಡಿ. ಹೊಸ ಲ್ಯಾಪ್‌ಟಾಪ್‌ನಲ್ಲಿ ಕೀಬೋರ್ಡ್ ಕನ್ನಡಕ್ಕೆ ಬದಲಾಗಿಲ್ಲ ತಾನೇ ಎಂಬುದನ್ನು ನೋಡಿಕೊಳ್ಳಿ. ಪಾಸ್‌ವರ್ಡ್ ತಪ್ಪು ಎಂದು ಬಂದರೆ ಗಾಬರಿಯಾಗದೆ ಕಣ್ಣಿನ ಚಿಹ್ನೆ ಒತ್ತಿ ನಿಜವಾಗಿ ಏನು ಮೂಡುತ್ತಿದೆ ಎಂದು ಓದಿ.

ತೆರೆದ ಡ್ರೈವ್‌ನಿಂದ ‘ಜಮೀನು’ ಫೋಲ್ಡರ್ ಅನ್ನು ನಕಲು ಮಾಡಿ, ಕತ್ತರಿಸಿ ಅಂಟಿಸಬೇಡಿ. ಎಲ್ಲಿಗೆ ನಕಲು ಮಾಡುತ್ತೀರಿ ಎಂಬುದು ನಾನು ಅತ್ಯಂತ ಒತ್ತಿ ಹೇಳಬೇಕಾದ ಸಂಗತಿ. ವಿಂಡೋಸ್ 11 ಇರುವ ಅನೇಕ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ‘ಡೆಸ್ಕ್‌ಟಾಪ್’ ಮತ್ತು ‘ಡಾಕ್ಯುಮೆಂಟ್ಸ್’ ಫೋಲ್ಡರ್‌ಗಳು ಬಳಕೆದಾರರ ಗಮನಕ್ಕೆ ಬಾರದೆಯೇ ಒನ್‌ಡ್ರೈವ್‌ಗೆ ಬ್ಯಾಕಪ್ ಆಗುತ್ತಿರುತ್ತವೆ. ಮೂರು ವರ್ಷ ಜತನದಿಂದ ಮುಚ್ಚಿಟ್ಟ ಕ್ರಯಪತ್ರವನ್ನು ಡೆಸ್ಕ್‌ಟಾಪ್‌ಗೆ ಎಳೆದ ಮರುಕ್ಷಣದಲ್ಲಿ ಅದು ಬಿಚ್ಚಿದ ರೂಪದಲ್ಲಿ ಇನ್ನೊಂದು ಕ್ಲೌಡ್ ಸೇರಿರುತ್ತದೆ. ಆದ್ದರಿಂದ ಯಾವ ಕ್ಲೌಡ್‌ನ ಕೈಗೂ ಸಿಗದ, ಸಿ ಡ್ರೈವ್‌ನ ಬುಡದಲ್ಲಿನ ಬೇರೊಂದು ಫೋಲ್ಡರ್ ಅನ್ನು ಆರಿಸಿ. ಡಿಸ್ಕ್ ಬಿಟ್‌ಲಾಕರ್‌ನಿಂದ (ಇಡೀ ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನದೇ ಸೌಲಭ್ಯ) ರಕ್ಷಿತವಾಗಿದ್ದರೆ ಇನ್ನೂ ಒಳ್ಳೆಯದು. ಬೇಡವಾದ ಮೇಲೆ ಅಳಿಸಿಬಿಡುತ್ತೇನೆ ಎಂಬ ಧೈರ್ಯ ಎಸ್‌ಎಸ್‌ಡಿಗಳ ವಿಷಯದಲ್ಲಿ ಪೂರ್ತಿ ಸಲ್ಲದು, ಏಕೆಂದರೆ ಅಳಿಸಿದ ದತ್ತಾಂಶ ಯಾವಾಗ ನಿಜವಾಗಿ ಮಾಯವಾಗುತ್ತದೆ ಎಂಬುದನ್ನು ನಿರ್ಧರಿಸುವುದು ನಾವಲ್ಲ, ಡಿಸ್ಕ್‌ನ ಒಳಗಿನ ನಿಯಂತ್ರಕ.

ಒಂದೆರಡು ಕಾಗದ ಮಾತ್ರ ತುರ್ತಾಗಿ ಬೇಕಿದ್ದರೆ ಲ್ಯಾಪ್‌ಟಾಪ್‌ನ ಗೊಡವೆಯೇ ಬೇಡ. ಕ್ರಿಪ್ಟೋಮೇಟರ್‌ನ ಮೊಬೈಲ್ ಆ್ಯಪ್ ನೇರವಾಗಿ ಗೂಗಲ್ ಡ್ರೈವ್‌ನೊಡನೆ ಮಾತನಾಡುತ್ತದೆ, ವಾಲ್ಟ್ ಅನ್ನು ಅದರಲ್ಲಿ ಸೇರಿಸಿದರೆ ಬೇಕಾದ ಫೈಲುಗಳನ್ನು ಮಾತ್ರ ಇಳಿಸಿ ತೋರಿಸುತ್ತದೆ.

ಕನ್ನಡದಲ್ಲಿ ಹೆಸರಿಡುವ ನಿಮ್ಮಂತಹವರಿಗೆ ಮಾತ್ರ ಎದುರಾಗುವ ಒಂದು ವಿಚಾರವನ್ನು ಇಲ್ಲಿ ಸೇರಿಸಬೇಕು. ಕಂಪ್ಯೂಟರ್ ‘ಕ್ರಯಪತ್ರ’ ಎಂಬ ಪದವನ್ನು ನಾಲ್ಕು ಅಕ್ಷರವೆಂದು ಎಣಿಸುವುದಿಲ್ಲ. ಅದರಲ್ಲಿ ವ್ಯಂಜನ, ವಿರಾಮ, ಒತ್ತು ಎಲ್ಲ ಸೇರಿ ಎಂಟು ಯೂನಿಕೋಡ್ ಸಂಕೇತಗಳಿವೆ, ಪ್ರತಿಯೊಂದಕ್ಕೂ 3 ಬೈಟ್, ಒಟ್ಟು 24 ಬೈಟ್. ಕ್ರಿಪ್ಟೋಮೇಟರ್‌ನಲ್ಲಿ ಮೂಲ ಹೆಸರು 146 ಬೈಟ್ ಮೀರಿದರೆ ಅದರ ಗೂಢಲಿಪಿ ರೂಪ 220 ಅಕ್ಷರಗಳನ್ನು ದಾಟುತ್ತದೆ, ಆಗ ತಂತ್ರಾಂಶ ಅದನ್ನು ಮೊಟಕುಗೊಳಿಸಿ ‘ಡಾಟ್ ಸಿ9ಎಸ್’ ಎಂಬ ಬಾಲವಿರುವ ಕೋಶವೊಂದನ್ನು ಮಾಡಿ, ಪೂರ್ಣ ಹೆಸರನ್ನು ಅದರೊಳಗೆ ಬೇರೆ ಫೈಲಿನಲ್ಲಿ ಬರೆದಿಡುತ್ತದೆ. ಇಂಗ್ಲಿಷಿನಲ್ಲಿ ಅಷ್ಟು ಉದ್ದದ ಹೆಸರಿಡುವವರು ಅಪರೂಪ, ಕನ್ನಡದಲ್ಲಾದರೆ ‘ಕ್ರಯಪತ್ರ’ದಂತಹ ಐದಾರು ಪದಗಳಿಗೇ ಮಿತಿ ಮುಗಿಯುತ್ತದೆ. ಸರ್ವೆ ನಂಬರು, ಊರು, ಹೋಬಳಿ, ವರ್ಷ ಎಲ್ಲವನ್ನೂ ಫೈಲಿನ ಹೆಸರಿನಲ್ಲಿಯೇ ಬರೆಯುವ ಅಭ್ಯಾಸ ನಿಮಗಿದ್ದರೆ ನಿಮ್ಮ ವಾಲ್ಟ್‌ನಲ್ಲಿ ಇಂತಹ ಕೋಶಗಳು ಹಲವು ಇರುತ್ತವೆ. ಅದರಿಂದ ಹಾನಿಯೇನೂ ಇಲ್ಲ, ಆದರೆ ಹೆಸರಿರುವ ಆ ಪುಟ್ಟ ಫೈಲನ್ನು ಕಸವೆಂದು ಅಳಿಸಿದರೆ ಒಳಗಿನ ದಾಖಲೆ ಉಳಿದರೂ ಹೆಸರು ಹೋಗುತ್ತದೆ.

ಈ ಅಳಿಸುವ ವಿಚಾರದಲ್ಲಿ ನಾನು ಇಷ್ಟು ಕಟುವಾಗಿ ಬರೆಯಲು ಕಾರಣವಿದೆ. ನನ್ನ ಹತ್ತಿರದ ಸಂಬಂಧಿಕರೊಬ್ಬರು ಜಾಗ ಉಳಿಸಲೆಂದು ತಮ್ಮ ವಾಲ್ಟ್‌ನಲ್ಲಿದ್ದ 36 ಬೈಟ್‌ನ ಫೈಲುಗಳನ್ನೆಲ್ಲ ಒಟ್ಟಿಗೆ ಆಯ್ದು ಅಳಿಸಿದ್ದರು. ಉಳಿದ ಜಾಗ ಲೆಕ್ಕಕ್ಕೇ ಬಾರದಷ್ಟು, ಕಳೆದದ್ದು ಮಾತ್ರ ಇಡೀ ಫೋಲ್ಡರ್‌ಗಳ ಮರ. ವಾಲ್ಟ್ ತೆರೆಯುತ್ತಿತ್ತು, ಒಳಗೆ ಏನೂ ಇರಲಿಲ್ಲ. ಅದೃಷ್ಟಕ್ಕೆ 1.6ರಿಂದ ಈಚೆಗಿನ ಆವೃತ್ತಿಗಳಲ್ಲಿ ವಾಲ್ಟ್‌ನ ಆಯ್ಕೆಗಳೊಳಗೆ ಆರೋಗ್ಯ ತಪಾಸಣೆಯ ಸೌಲಭ್ಯವಿದೆ, ಅನಾಥವಾಗಿ ಬಿದ್ದಿರುವ ಫೋಲ್ಡರ್‌ಗಳನ್ನು ಅದು ಗುರುತಿಸಿ ಒಂದು ಪ್ರತ್ಯೇಕ ಜಾಗದಲ್ಲಿ ತಂದು ನಿಲ್ಲಿಸುತ್ತದೆ. ಹೊಸ ಫೋಲ್ಡರ್‌ಗಳ ಒಳಗೆ ಅವುಗಳ ಗುರುತಿನ ಸಂಖ್ಯೆಯ ಗೂಢಲಿಪಿ ಪ್ರತಿಯೊಂದು ಇದ್ದದ್ದರಿಂದ ಅವುಗಳಲ್ಲಿದ್ದ ಫೈಲುಗಳು ಹೆಸರಿನೊಡನೆ ಮರಳಿದವು. ಆ ಪ್ರತಿ ಇಲ್ಲದ ಹಳೆಯ ಫೋಲ್ಡರ್‌ಗಳ ಫೈಲುಗಳು ಬಂದದ್ದು ಹೆಸರಿಲ್ಲದೆ, ಏಕೆಂದರೆ ಈ ವ್ಯವಸ್ಥೆಯಲ್ಲಿ ಫೈಲಿನ ಹೆಸರು ಅದಿದ್ದ ಫೋಲ್ಡರ್‌ನ ಗುರುತಿನ ಸಂಖ್ಯೆಗೆ ಕಟ್ಟಿಕೊಂಡಿರುತ್ತದೆ, ಫೈಲಿನ ಒಳಗಿರುವುದು ಹಾಗೆ ಕಟ್ಟಿಕೊಂಡಿರುವುದಿಲ್ಲ. ಎರಡು ರಾತ್ರಿ ಕುಳಿತು ಒಂದೊಂದನ್ನೇ ತೆರೆದು ನೋಡಿ ಮತ್ತೆ ಹೆಸರಿಟ್ಟೆವು. ನಿಮ್ಮ ವಾಲ್ಟ್‌ನಲ್ಲಿಯೂ ಏನಾದರೂ ಕಾಣೆಯಾಗಿದ್ದರೆ, ವಾಲ್ಟ್‌ನ ಪೂರ್ಣ ಪ್ರತಿಯೊಂದನ್ನು ಬೇರೆ ಡಿಸ್ಕ್‌ನಲ್ಲಿಟ್ಟು, ಆ ಬಳಿಕವೇ ಈ ತಪಾಸಣೆ ನಡೆಸಿ ದುರಸ್ತಿಗೆ ಒಪ್ಪಿಗೆ ಕೊಡಿ.

ನಕಲು ಮುಗಿದ ಮೇಲೆ ಎರಡೂ ಕಡೆಯ ಫೋಲ್ಡರ್‌ಗಳ ಮೇಲೆ ಬಲ ಕ್ಲಿಕ್ ಮಾಡಿ ಫೈಲುಗಳ ಸಂಖ್ಯೆ, ಒಟ್ಟು ಗಾತ್ರ ಎರಡೂ ಹೊಂದುತ್ತವೆಯೇ ನೋಡಿ. ಪ್ರತಿ ತುಂಡಿಗೂ ದೃಢೀಕರಣದ ಮುದ್ರೆ ಇರುವುದರಿಂದ ಕೆಟ್ಟ ಫೈಲು ತಪ್ಪು ಅಕ್ಷರಗಳೊಡನೆ ತೆರೆದುಕೊಳ್ಳುವ ಬದಲು ನಕಲಾಗಲು ನಿರಾಕರಿಸುತ್ತದೆ. ಹಾಗೆ ನಿರಾಕರಿಸಿದ ಫೈಲು ಇದ್ದರೆ, ಅದರ ಗೂಢಲಿಪಿ ರೂಪದ ಹಿಂದಿನ ಆವೃತ್ತಿ ಗೂಗಲ್ ಡ್ರೈವ್‌ನಲ್ಲಿ ಉಳಿದಿದೆಯೇ ಎಂದು ಹುಡುಕಿ. ಒಂದು ವೇಳೆ ಪಹಣಿಯ ಫೈಲೇ ಹಾಗಾದರೆ ಎದೆಗುಂದಬೇಡಿ, ಪಹಣಿ ‘ಭೂಮಿ’ಯಲ್ಲಿ ಮತ್ತೆ ಸಿಗುತ್ತದೆ, ಕ್ರಯಪತ್ರದ ದೃಢೀಕೃತ ನಕಲನ್ನು ಉಪನೋಂದಣಾಧಿಕಾರಿಗಳ ಕಚೇರಿಯಿಂದ ಪಡೆಯಬಹುದು. ಮತ್ತೆ ಸಿಗದಿರುವುದು ನಿಮ್ಮ ತಂದೆಯವರ ಚಿಕಿತ್ಸೆಯ ಹಳೆಯ ಕಾಗದಗಳು. ‘ಜಮೀನು’ ಒಂದೇ ಸಾಕು ಎಂದು ಬರೆದಿದ್ದೀರಿ, ಆದರೂ ವಾಲ್ಟ್ ತೆರೆದಿರುವಾಗಲೇ ಅವನ್ನೂ ಒಮ್ಮೆ ಹೊರತೆಗೆದು ಬೇರೆ ಡಿಸ್ಕ್ ಒಂದರಲ್ಲಿಡಿ ಎಂದು ಕೇಳಿಕೊಳ್ಳುತ್ತೇನೆ.

ವಾಲ್ಟ್ ಮುಚ್ಚಿದ ಮೇಲೆ ಇನ್ನೊಂದು ಕೆಲಸವಿದೆ. ವಾಲ್ಟ್‌ನ ಆಯ್ಕೆಗಳಲ್ಲಿ ಪಾಸ್‌ವರ್ಡ್ ವಿಭಾಗಕ್ಕೆ ಹೋದರೆ ರಿಕವರಿ ಕೀ ತೋರಿಸುವ ಆಯ್ಕೆ ಇದೆ. ಅದು 44 ಇಂಗ್ಲಿಷ್ ಪದಗಳ ಒಂದು ಸಾಲು, ವಾಲ್ಟ್‌ನ ಎರಡೂ ಕೀಲಿಗಳು ಅದರಲ್ಲಿ ಪದಗಳ ರೂಪದಲ್ಲಿ ಅಡಗಿವೆ, ಬರೆಯುವಾಗ ಪದ ತಪ್ಪಿದರೆ ಪತ್ತೆಹಚ್ಚುವ ಸಂಖ್ಯೆಯೂ ಅದರೊಳಗೇ ಇದೆ. ಪಾಸ್‌ವರ್ಡ್ ಮರೆತರೂ ಆ ಪದಗಳಿಂದ ಹೊಸ ಪಾಸ್‌ವರ್ಡ್ ಇಟ್ಟುಕೊಳ್ಳಬಹುದು. ಆದರೆ ಅದನ್ನು ತೋರಿಸಲು ತಂತ್ರಾಂಶ ಈಗಿನ ಪಾಸ್‌ವರ್ಡ್ ಕೇಳುತ್ತದೆ, ಅಂದರೆ ನೆನಪಿರುವಾಗಲೇ ಅದನ್ನು ತೆಗೆದುಕೊಳ್ಳಬೇಕು. ಕಾಗದದ ಮೇಲೆ ಕೈಯಿಂದ ಬರೆದು, ಮೂಲ ಕ್ರಯಪತ್ರ ಇರುವ ಬೀರುವಿನಲ್ಲಿಯೇ ಇಡಿ, ಅದರ ಫೋಟೋವನ್ನು ಮಾತ್ರ ಫೋನ್‌ನಲ್ಲಿ ತೆಗೆಯಬೇಡಿ. ಮುಂದೆ ಪಾಸ್‌ವರ್ಡ್ ಬದಲಿಸಿದರೂ ಆ ಕಾಗದ ಹಾಗೆಯೇ ಸಲ್ಲುತ್ತದೆ, ಏಕೆಂದರೆ ಪಾಸ್‌ವರ್ಡ್ ಬದಲಾದಾಗ ಬದಲಾಗುವುದು ಮಾಸ್ಟರ್‌ಕೀ ಫೈಲಿನ ಬೀಗ ಮಾತ್ರ, ಒಳಗಿನ ಕೀಲಿಗಳಲ್ಲ.